ಕಲ್ಲುಬೆಂಚಿನ ಸದ್ದು

"ದೂರ ನಿಲ್ಲಿ, ಎಲ್ಲಾ ಸ್ವಲ್ಪ ದೂರ ನಿಲ್ಲಿ," ಎನ್ನುತ್ತ ಮೀಟರಿನವನು ಕೈಗವಸು ತೊಟ್ಟ ಕೈಯಲ್ಲಿ ಕೊಳವೆ ಹಿಡಿದು ಹೆಣದ ಮೇಲೆ ಬಾಗಿದ. ಅವನ ಹೆಗಲಿಗೆ ಜೋತುಬಿದ್ದಿದ್ದ, ವಿಕಿರಣ ಅಳೆಯುವ ಹಳದಿ ಪೆಟ್ಟಿಗೆ ಗೇಟಿನ ಹತ್ತಿರ ಆಗೊಂದು ಈಗೊಂದು ಟಿಕ್ ಅನ್ನುತ್ತಿತ್ತು. ಈಗ ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯತೊಡಗಿತು.

ಅಂಗಳದಲ್ಲಿ ನೆರೆದಿದ್ದವರು ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ಗೋಡೆಗೆ ಒತ್ತಿಕೊಂಡರು. ಒಬ್ಬಳು ತಾಯಿ ಮಗುವಿನ ಮುಖವನ್ನು ಹೊಟ್ಟೆಗೆ ಅವುಚಿಕೊಂಡಳು, ಸದ್ದೇ ಬಂದು ಕಚ್ಚುತ್ತದೇನೋ ಎಂಬಂತೆ.

"ನಾನು ಬಡ್ಕೊಂಡಿರ್ಲಿಲ್ವಾ?" ಬೇಕರಿಯವನು ಬೆವರು ಒರೆಸಿಕೊಂಡ. ಕಟ್ಟಡದ ಸಮಿತಿಗೆ ಅವನೇ ಯಜಮಾನ. "ಎಷ್ಟು ವರ್ಷದಿಂದ ಬಡ್ಕೋತಾ ಇದ್ದೀನಿ, ಬಾಂಬಮ್ಮನ ಮೈ ತುಂಬಾ ಅದೇ ಇದೆ ಅಂತ. ಯಾರಾದ್ರೂ ಕೇಳಿದ್ರಾ?"

"ಯಾರೋ ಬಾಂಬಮ್ಮ?" ಸತ್ತವಳ ತಂಗಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಆಳು ಗಿಡ್ಡ, ನಾಲಿಗೆ ಉದ್ದ. "ನನ್ನಕ್ಕ ಸತ್ತದ್ದು ನ್ಯುಮೋನಿಯಾದಿಂದ. ನಿಮ್ಮಪ್ಪನೂ ಅದರಲ್ಲೇ ಸತ್ತ. ಆವತ್ತು ಅವನ ಮೈಗೆ ಯಾವ ಪೆಟ್ಟಿಗೆ ಹಿಡಿಸಿದ್ದೆ?"

"ಅಮ್ಮಾ, ಜಗಳ ಬೇಡ," ಮೀಟರಿನವನು ಅಂದ. "ನಾನು ಪ್ರಯೋಗಾಲಯದ ಆಫೀಸಿನಿಂದ ಬಂದವನು. ಮುಳ್ಳು ಗೆರೆ ದಾಟಿದ್ರೆ ಚೀಟಿ ಕೊಡೋ ಹಾಗಿಲ್ಲ. ಈಗ ದಾಟಿದೆ."

ಟೈಲರ್ ಮಾಸ್ಟ್ರು ಹೆಂಡತಿಯ ತಲೆಯ ಬಳಿ ನಿಂತವರು ಕದಲಲಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಗಾಡಿಯವರು ಅವಳನ್ನು ತಂದು, "ಎಲ್ಲಿ ಇಳಿಸೋದು? ಮೂರನೇ ಮಹಡಿಗೆ ನಮ್ಮ ಕೈಲಿ ಆಗಲ್ಲ" ಅಂದಾಗ, ಕೆಳಗಿನ ತಮ್ಮ ಅಂಗಡಿಯಿಂದ ಬಟ್ಟೆ ಕತ್ತರಿಸುವ ಮೇಜಿನ ಹಲಗೆ ಕಳಚಿ ತಂದು ಅಂಗಳದ ಕಲ್ಲುಬೆಂಚಿನ ಮೇಲೆ ಹಾಸಿದವರು ಅವರೇ. ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಹೊಲಿದವರೂ ಅವರೇ. ಕಣ್ಣು ಮಂಜಾಗಿದ್ದರೂ ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

ಅವರಿಗೆ ಬೇಕಾಗಿದ್ದದ್ದು ಒಂದೇ. ಇವಳು ನಾಲ್ಕು ಜನರ ಹೆಗಲ ಮೇಲೆ ಹೋಗಬೇಕು. ಹೊಳೆಯಾಚೆಯ ಸ್ಮಶಾನದಲ್ಲಿ, ಎಲ್ಲರ ನಡುವೆ, ಎಲ್ಲರ ಹಾಗೆ ಮಣ್ಣಿಗೆ ಸೇರಬೇಕು. ಬೇಕರಿಯವನು ಹೊತ್ತಿಗೆ ಮುಂಚೆಯೇ ಅಲ್ಲಿಗೆ ಫೋನು ಮಾಡಿ ವಿಕಿರಣದ ಮಾತೆತ್ತಿದ್ದ. ಸ್ಮಶಾನದ ಆಫೀಸಿನವರು, "ಆಕೆ ಕೆಲ್ಸ ಮಾಡ್ತಿದ್ದ ಅಣು ಪ್ರಯೋಗಾಲಯದವರು ಚೀಟಿ ಕೊಟ್ಟರೆ ಮಾತ್ರ ಗುಂಡಿ ತೋಡ್ತೀವಿ" ಅಂದಿದ್ದರು. ಚೀಟಿ ಸಿಗದಿದ್ದರೆ ಗೇಟಿನಲ್ಲಿ ಎಂಜಿನ್ ನಿಲ್ಲಿಸದೆ ಕಾಯುತ್ತಿದ್ದ ವ್ಯಾನು. ಅದರೊಳಗೆ ತಗಡಿನ ಪೆಟ್ಟಿಗೆ. ಅದು ಹೋಗುವುದು ಊರಾಚೆ, ಪ್ರಯೋಗಾಲಯದ ಕಸ ಹೂಳುವ, ಮುಳ್ಳುತಂತಿಯ ಬೇಲಿಯೊಳಗಿನ ಜಾಗಕ್ಕೆ. ಅಲ್ಲಿಗೆ ಗಂಡನಿಗೂ ಪ್ರವೇಶವಿಲ್ಲ.

"ಮಾಸ್ಟ್ರೇ, ಸಿಟ್ಟಾಗ್ಬೇಡಿ," ಬೇಕರಿಯವನು ದೂರದಿಂದಲೇ ಕೈ ಮುಗಿದ. "ಮಕ್ಕಳು ಮರಿ ಇರೋ ಜಾಗ. ಎಚ್ಚರಿಕೆ ಅಂತ ಒಂದಿರುತ್ತಲ್ಲ."

ಎಚ್ಚರಿಕೆ. ಹೇಡಿತನ ಬೀದಿಗೆ ಬರುವಾಗ ಬೆತ್ತಲೆ ಬರುವುದಿಲ್ಲ, ಇಸ್ತ್ರಿ ಮಾಡಿದ ಹೆಸರೊಂದನ್ನು ತೊಟ್ಟುಕೊಂಡೇ ಬರುತ್ತದೆ. ಎಚ್ಚರಿಕೆಯ ಹೆಸರಿನಲ್ಲೇ ಈ ಕಟ್ಟಡದವರು ಅವಳ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ಎಚ್ಚರಿಕೆಯ ಹೆಸರಿನಲ್ಲೇ ಅವಳು ಮೆಟ್ಟಿಲು ಹತ್ತುವಾಗ ಇಳಿಯುವವರು ಗೋಡೆಗೆ ಅಂಟಿ ನಿಂತರು. ಬಾಂಬು ಮಾಡಿಸಿದವರು, ಊರಿಗೆ ಊರೇ ಸುಟ್ಟವರು ಸತ್ತಾಗ ಯಾರೂ ಪೆಟ್ಟಿಗೆ ಹಿಡಿಯಲಿಲ್ಲ. ತೋಪು ಹಾರಿಸಿ ಮಣ್ಣು ಮಾಡಿದರು. ಜೀವಮಾನದಲ್ಲಿ ಒಂದು ಪಟಾಕಿಯನ್ನೂ ಹಚ್ಚದವಳಿಗೆ ಈ ಹೆಸರು: ಬಾಂಬಮ್ಮ.

*

ಅವಳನ್ನು ಮೊದಲು ಕಂಡಾಗ ಮಾಸ್ಟ್ರು ಇನ್ನೂ ಮಾಸ್ಟ್ರಾಗಿರಲಿಲ್ಲ. ಬೇರೆಯವರ ಅಂಗಡಿಯಲ್ಲಿ ಗುಂಡಿ ಹಚ್ಚುವ ಹುಡುಗ. ಪ್ರಯೋಗಾಲಯದವರ ಬಿಳಿ ಕೋಟಿಗೆ ಅಳತೆ ತೆಗೆಯಲು ಟೇಪು ಕೊರಳಿಗೆ ಹಾಕಿಕೊಂಡು ಹೋಗಿದ್ದರು. ಎಲ್ಲರೂ ಬಂದು ಕೈ ಚಾಚಿ ನಿಂತರು. ಒಬ್ಬಳು ಮಾತ್ರ ನೆಲಮಾಳಿಗೆಯಲ್ಲಿ, ಹಸಿರು ಚುಕ್ಕೆಗಳು ಮಿನುಗುವ ಪರದೆಯ ಮುಂದೆ ಕೂತವಳು ಏಳಲೇ ಇಲ್ಲ.

"ಕೈ ಚಾಚಿ ಮೇಡಂ."

"ಈಗಾಗಲ್ಲ."

"ಕೈ ಚಾಚಿದ್ರೆ ಏನು ಕೆಟ್ಟುಹೋಗುತ್ತೆ?"

"ಏನೂ ಕೆಡಲ್ಲ. ಕಣ್ಣು ತೆಗೆಯೋಕೆ ಮನಸ್ಸಿಲ್ಲ, ಅಷ್ಟೆ." ಆಮೇಲೆ ತಿರುಗಿ ನೋಡಿ ನಕ್ಕಳು. "ನೀವು ಊರವರ ಮೈಯೆಲ್ಲ ಅಳೀತೀರಿ. ನಿಮ್ಮದನ್ನ ಯಾರಾದ್ರೂ ಅಳೆದಿದ್ದಾರಾ?"

ಅವಳ ಬೆನ್ನ ಹಿಂದೆ ಒಂದು ಕಬ್ಬಿಣದ ಕೋಣೆಯಿತ್ತು. ಗೋಡೆ ಗೇಣುದ್ದ ದಪ್ಪ. ಅದರ ಕಬ್ಬಿಣ ಹಳೆಯ ಹಡಗಿನದು ಅಂದಳು. ಬಾಂಬುಗಳು ಸಿಡಿಯುವ ಮೊದಲೇ ಸಮುದ್ರದಲ್ಲಿ ಮುಳುಗಿದ ಹಡಗು. ಆಮೇಲೆ ಕಾಯಿಸಿದ ಕಬ್ಬಿಣದಲ್ಲೆಲ್ಲ ಆ ಬಾಂಬುಗಳ ಬೂದಿಯ ಒಂದು ಕಣವಾದರೂ ಸೇರಿಕೊಂಡಿತ್ತು. ಮೈಯೊಳಗಿನ ಪಿಸುಮಾತು ಕೇಳಬೇಕಾದವರಿಗೆ ಆ ಗದ್ದಲ ಆಗದು. ನೀರಿನಡಿಯಲ್ಲಿ ಇದ್ದದ್ದಕ್ಕೆ ಈ ಕಬ್ಬಿಣ ಮಾತ್ರ ಆ ಪಾಪದಲ್ಲಿ ಪಾಲಿಲ್ಲದೆ ಉಳಿದಿತ್ತು.

ಅವರನ್ನು ಅದರೊಳಗೆ ಮಲಗಿಸಿ ಬಾಗಿಲು ಎಳೆದಳು. ಮೇಲುಗಡೆ ಲೋಹದ ಡಬ್ಬಿಯಲ್ಲಿ ಕೊಡದಷ್ಟು ದೊಡ್ಡ ಉಪ್ಪಿನ ಹರಳು. ಅವರು ಅಲ್ಲಾಡದೆ ಮಲಗಿ, ಯಾರಾದರೂ ತಮ್ಮನ್ನು ಮರೆತು ಹೋದರೆ ಏನು ಗತಿ ಎಂದು ಯೋಚಿಸಿದರು. ಹೊರಗೆ ಬಂದಾಗ ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದರ ಮೇಲೊಂದು ಕೂತು, ಬಲಗಡೆಗೆ ಪುಟ್ಟದೊಂದು ಗುಡ್ಡ ಎದ್ದಿತ್ತು.

"ಇದು ನೀವು," ಅಂದಳು.

"ಇಷ್ಟೇನಾ?"

"ಇಷ್ಟು ಅಂದ್ರೆ ಸಾಮಾನ್ಯ ಅಲ್ಲ." ನಾವು ತಿಂದದ್ದರಿಂದ ಮಾಂಸಕ್ಕೆ ಬಂದು ಸೇರುವ ಪೊಟ್ಯಾಸಿಯಂ, ಅದರ ಅಣುಗಳ ರಾಶಿಯಲ್ಲಿ ಎಲ್ಲೋ ಒಂದೊಂದರ ನಡುವಿನ ಬೀಜ ನೆಲೆಯಿಲ್ಲದ್ದು. ಅದು ಇದ್ದಕ್ಕಿದ್ದ ಹಾಗೆ ರೂಪ ಬದಲಿಸುತ್ತದೆ. ಹೆಚ್ಚಿನವು ಸುಣ್ಣದ ಜಾತಿಯ ಲೋಹವಾಗುತ್ತವೆ, ಕೆಲವು ಗಾಳಿಯಾಗುತ್ತವೆ. ಗಾಳಿಯಾಗುವಾಗ ಚಿಮ್ಮಿದ ಕಿರಣ ಹರಳಿಗೆ ಬಡಿದರೆ ಒಂದು ಚುಕ್ಕೆ. "ಒಂದು ಸಲ ಕಣ್ಣು ಮಿಟುಕಿಸೋದ್ರೊಳಗೆ ನಿಮ್ಮೊಳಗೆ ನೂರಾರು ಆಗಿಹೋಗಿರುತ್ತೆ. ನಿಮಗೆ ಗೊತ್ತೇ ಆಗಲ್ಲ."

"ಸುಣ್ಣ ಆದ್ರೆ ಪರವಾಗಿಲ್ಲ, ಮೂಳೆಗೆ ಒಳ್ಳೇದು," ಅಂದರು. ಅವಳು ಗೊಳ್ಳೆಂದು ನಕ್ಕಳು. ಆ ನಗುವಿಗೇ ಅವರು ಬಿದ್ದದ್ದು.

"ಯಾವಾಗಿನಿಂದ ಕಾಯ್ತಾ ಕೂತಿವೆ ಇವು?"

"ಭೂಮಿ ಹುಟ್ಟೋಕೆ ಮುಂಚಿನಿಂದ. ಯಾವುದೋ ನಕ್ಷತ್ರ ಸಿಡಿದಾಗ ಆದವು."

"ಹಾಗಾದ್ರೆ ಹಣ್ಣು ಹಣ್ಣು ಮುದುಕರು."

"ಅದೇ ಸೋಜಿಗ." ಅವಳ ದನಿ ತಗ್ಗಿತು. ನಿದ್ದೆಹೋದ ಮಗುವಿನ ವಿಷಯ ಹೇಳುವವಳಂತೆ ಹೇಳಿದಳು. "ಇವಕ್ಕೆ ಮುಪ್ಪೇ ಇಲ್ಲ. ಅಷ್ಟು ಕಾಲದಿಂದ ಇರೋ ಅಣುವಿಗೂ ಈಗ ತಾನೇ ಹುಟ್ಟಿದ್ದಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲ. ಸವೆಯಲ್ಲ, ಸೊರಗಲ್ಲ, ಸೂಚನೆ ಕೊಡಲ್ಲ. ಒಂದು ಗಳಿಗೆ ಇರುತ್ತೆ, ಇನ್ನೊಂದು ಗಳಿಗೆ ಬೇರೆ ಏನೋ ಆಗಿರುತ್ತೆ. ರಾಶಿಯಲ್ಲಿ ಅರ್ಧ ಯಾವಾಗ ಹೋಗುತ್ತೆ ಅಂತ ನಾನು ಹೇಳಬಲ್ಲೆ. ಮುಂದಿನದು ಯಾವುದು ಅಂತ ಬ್ರಹ್ಮನೂ ಹೇಳಲಾರ."

ಅವರು ಟೇಪು ಹಿಡಿದುಕೊಂಡು ಹಾಗೇ ನಿಂತರು. ಅವಳ ಅಳತೆ ತೆಗೆಯುವುದು ಮರೆತೇ ಹೋಯಿತು. ಅಂದಾಜಿನಲ್ಲಿ ಹೊಲಿದ ಕೋಟು ಇಬ್ಬರು ಹಿಡಿಸುವಷ್ಟು ದೊಗಲೆಯಾಗಿ ಬಂತು. ತೋಳು ಮಡಚಿಕೊಂಡು ಅವಳು ಅದನ್ನೇ ಹಾಕಿಕೊಂಡಳು, ಮದುವೆಯಾದ ಮೇಲೂ.

*

"ಅಣ್ಣಾ, ಒಂದ್ನಿಮಿಷ," ಎಂದಳು ಮೂಲೆಯಲ್ಲಿ ಅಳುತ್ತ ಕೂತಿದ್ದ ಯುವತಿ. ಸತ್ತವಳ ಕೈಕೆಳಗೆ ಓದಿ, ಈಗ ಅದೇ ಕಬ್ಬಿಣದ ಕೋಣೆ ನೋಡಿಕೊಳ್ಳುತ್ತಿದ್ದ ಶಿಷ್ಯೆ. ಅವಳು ಅಳು ನಿಲ್ಲಿಸಿ, ಕಿವಿ ವಾಲಿಸಿ ಸದ್ದು ಕೇಳುತ್ತಿದ್ದಳು. "ಕೊಳವೆಯನ್ನ ಬೆಂಚಿನ ಆ ತುದಿಗೆ ತಗೊಂಡು ಹೋಗ್ತೀರಾ?"

"ಅಲ್ಲೇನಿದೆ? ಅಲ್ಲಿ ಬಾಡಿ ಇಲ್ಲವಲ್ಲ."

"ಅದಕ್ಕೇ."

ಮೀಟರಿನವನು ಗೊಣಗುತ್ತ ಹೋದ. ಯಾರೂ ಇಲ್ಲದ ಬರಿಯ ಕಲ್ಲಿನ ಮೇಲೆ ಕೊಳವೆ ಹಿಡಿದ. ಪೆಟ್ಟಿಗೆ ಅಷ್ಟೇ ಜೋರಾಗಿ, ಅದಕ್ಕಿಂತ ತುಸು ಹೆಚ್ಚಾಗಿಯೇ ಸಿಡಿಯಿತು.

ಅವನ ಮುಖ ಕೆಂಪಾಯಿತು. ಅವನ ಕೆಲಸವೆಲ್ಲ ಸ್ಟೀಲ್ ಮೇಜುಗಳ ಮೇಲೆ, ನುಣುಪು ನೆಲದ ಮೇಲೆ. ಬಯಲಿನಲ್ಲಿ, ಬೆಟ್ಟದಿಂದ ಸೀಳಿ ತಂದ ಕಲ್ಲಿನ ಮೇಲೆ ಅವನು ಎಂದೂ ಕೊಳವೆ ಹಿಡಿದವನಲ್ಲ.

"ಗ್ರಾನೈಟ್ ಅಲ್ವಾ ಇದು?" ಶಿಷ್ಯೆ ಕಣ್ಣೊರೆಸಿಕೊಂಡಳು. "ಕಲ್ಲಿನೊಳಗೆ ಯುರೇನಿಯಂ ಇದೆ, ಥೋರಿಯಂ ಇದೆ, ಎಳ್ಳುಕಾಳಿನಷ್ಟೂ ಅಲ್ಲ, ಅದರ ಪುಡಿಯಷ್ಟು. ಕಲ್ಲು ಹುಟ್ಟಿದಾಗಿನಿಂದ ಹೀಗೇ ಮಾತಾಡ್ತಾ ಇದೆ. ಇದು ಮೇಡಂ ಮೈಯ ಸದ್ದಲ್ಲ. ಬೆಂಚಿನ ಸದ್ದು."

ಮಾಸ್ಟ್ರು ಅಂದುಕೊಂಡರು: ಮುಗಿಯಿತು, ಇನ್ನು ಹೊರಡಬಹುದು.

"ಅಯ್ಯೋ, ಬೆಂಚೇ ವಿಷವಾ!" ಎಂದು ಯಾರೋ ಕೂಗಿದರು.

ಹೆಣದ ಮೇಲಿದ್ದ ಭಯ ಕಲ್ಲಿಗೆ ಹಾರಿತು. ದಿನಾ ಸಂಜೆ ಅದೇ ಬೆಂಚಿನ ಮೇಲೆ ಇಸ್ಪೀಟು ಆಡುತ್ತಿದ್ದವರು ಪ್ಯಾಂಟಿನ ಹಿಂಭಾಗ ಝಾಡಿಸಿಕೊಂಡರು. ಎಳೆಕೂಸನ್ನು ಅಲ್ಲೇ ಬಿಸಿಲಿಗೆ ಮಲಗಿಸುತ್ತಿದ್ದವಳು ಎದೆ ಬಡಿದುಕೊಂಡಳು. "ಹಾರೆ ತನ್ನಿ, ಕಿತ್ತೆಸೀರಿ" ಎಂದಿತೊಂದು ದನಿ. "ಅವಳೇ ಏನೋ ಮೆತ್ತಿರ್ಬೇಕು ಇದಕ್ಕೆ" ಎಂದಿತು ಇನ್ನೊಂದು.

"ಮೆತ್ತೋಕೆ ಅದೇನು ಸಗಣಿನಾ?" ತಂಗಿ ಹಲ್ಲು ಕಡಿದಳು. "ಭಾವ, ನೀವ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೀರಿ? ಹೇಳಿ ಏನಾದ್ರೂ!"

"ನಾನು ಹೆಣದ ಹತ್ತಿರದ ಅಂಕಿ ಬರೀಬೇಕು. ಬೆಂಚಿನದಾದ್ರೂ ಅಂಕಿ ಅಂಕಿಯೇ," ಮೀಟರಿನವನು ಸಣ್ಣ ದನಿಯಲ್ಲಿ ಅಂದ. "ಬೇಕಾದ್ರೆ ಎತ್ತಿ ಅಂಗಳದ ನಡುವೆ ಮಣ್ಣಿನ ಮೇಲೆ ಇಡಿ, ಮತ್ತೆ ಹಿಡೀತೀನಿ. ನಾಲ್ಕು ಜನ ಬೇಕು."

ಮಾಸ್ಟ್ರು ಹಲಗೆಯ ಒಂದು ಮೂಲೆ ಹಿಡಿದರು. ತಂಗಿ ಇನ್ನೊಂದು. ಶಿಷ್ಯೆ ಮೂರನೆಯದು. ನಾಲ್ಕನೆಯ ಮೂಲೆ ಖಾಲಿ ಉಳಿಯಿತು. ಅಷ್ಟು ದೊಡ್ಡ ಕಟ್ಟಡ, ಕಿಟಕಿಕಿಟಕಿಯಲ್ಲೂ ತಲೆ, ಒಂದು ಕೈ ಇಲ್ಲ. ಗೇಟಿನಲ್ಲಿ ವ್ಯಾನಿನವನು ಅಸಹನೆಯಿಂದ ಹಾರ್ನು ಒತ್ತಿದ.

*

ಒಮ್ಮೆ ಪ್ರಯೋಗಾಲಯದವರು ಊರ ಜನಕ್ಕೆ ಬಾಗಿಲು ತೆರೆದಿದ್ದರು. ಯಾರು ಬೇಕಾದರೂ ಬರಬಹುದು, ನೋಡಬಹುದು. ಅವಳು ಇಡೀ ಕಟ್ಟಡದ ಬಾಗಿಲು ಬಾಗಿಲಿಗೆ ಹೋಗಿ ಕರೆದು ಬಂದಳು. ಬಾಗಿಲ ಸಂದಿಯಿಂದಲೇ "ಆಯ್ತಮ್ಮ, ಬರ್ತೀವಿ" ಅಂದರು.

ಅವಳು ನೆಲಮಾಳಿಗೆಯಲ್ಲಿ ಕುರ್ಚಿ ಜೋಡಿಸಿದಳು. ದೊಡ್ಡ ಪಾತ್ರೆಯಲ್ಲಿ ಚಹ ಕಾಯಿಸಿದಳು. ಹೊತ್ತು ಏರಿತು, ಇಳಿಯಿತು. ಚಹದ ಮೇಲೆ ಕೆನೆ ಕಟ್ಟಿತು.

ಮಾಸ್ಟ್ರಿಗೆ ರಕ್ತ ಕುದಿಯಿತು. "ಈ ಜನಕ್ಕೆ ನೀನು ಯಾಕೆ ಇಷ್ಟು ಬಡ್ಕೋಬೇಕು? ಮನೆ ಬದಲಾಯಿಸೋಣ ನಡಿ."

"ಎಲ್ಲಿಗೆ? ಇದಿಲ್ಲದ ಜಾಗ ಇದೆಯಾ?" ಎಂದು ಕೇಳಿ, ಪರದೆ ಹೊತ್ತಿಸಿದಳು. ಆಗ ಅವಳು ಅಳೆಯುತ್ತಿದ್ದದ್ದು ಉಗುರಿನಷ್ಟು ಅಗಲದ ಒಂದು ಲೋಹದ ಬಿಲ್ಲೆ. ಎಷ್ಟು ನಿಧಾನದ ಲೋಹವೆಂದರೆ, ಅದರಲ್ಲಿ ಅರ್ಧ ಬದಲಾಗುವ ಹೊತ್ತಿಗೆ ಸೂರ್ಯನೂ ಆರಿ ಹೋಗಿರುತ್ತಾನೆ. ಅದರ ಅರ್ಧಾಯುವನ್ನು ಹಿಂದಿನವರು ಅಳೆದದ್ದು ಚೂರು ತಪ್ಪು ಎಂದು ತೋರಿಸಲು ಅವಳ ತಲೆಗೂದಲು ಪೂರ್ತಿ ಬೆಳ್ಳಗಾಯಿತು. ಹಾರ ಯಾರೂ ಹಾಕಲಿಲ್ಲ. ತಪ್ಪು ಸರಿಹೋಯಿತು, ಅಷ್ಟೆ. ಅವಳಿಗೆ ಅದೇ ಹಬ್ಬ.

ಖಾಲಿ ಕುರ್ಚಿಗಳ ಮುಂದೆ ಇಬ್ಬರೂ ಕೂತರು. ಚುಕ್ಕೆ ಬರಲಿಲ್ಲ. ಬರಲಿಲ್ಲ. ಬರಲಿಲ್ಲ. ಬೇಸರವಾಗಿ ಮಾಸ್ಟ್ರು ತಣ್ಣಗಿನ ಚಹ ಬಗ್ಗಿಸಿಕೊಳ್ಳಲು ತಿರುಗಿದಾಗ ಅವಳು ಅವರ ಮಣಿಕಟ್ಟು ಹಿಡಿದಳು. "ಬಂತು," ಅಂದಳು. ಅಷ್ಟು ವರ್ಷ ನೋಡಿದ ಮೇಲೂ, ಮೊದಲ ಸಲ ಕಂಡವಳಂತೆ ಪರದೆಯತ್ತ ಬಾಗಿದಳು.

*

"ಸರೀರೋ, ದಾರಿ ಬಿಡಿ."

ಬೇಕರಿಯವನ ತಾಯಿ ಕೋಲೂರಿಕೊಂಡು ಬಂದಳು. ಕಟ್ಟಡಕ್ಕೆ ಕಟ್ಟಡವೇ 'ಬನ್ನಜ್ಜಿ' ಅನ್ನುತ್ತಿದ್ದ ಮುದುಕಿ. ಹೆಣದ ಕಾಲಬುಡದಲ್ಲಿ, ಬೆಂಚಿನ ಖಾಲಿ ಜಾಗದಲ್ಲಿ ಉಸ್ಸೆಂದು ಕೂತಳು.

"ಅಮ್ಮಾ! ಏಳು ಅಲ್ಲಿಂದ!" ಬೇಕರಿಯವನು ಕಿರುಚಿದ.

"ಯಾಕೋ? ನಾನು ಈ ಕಲ್ಲಿನ ಮೇಲೆ ಕೂತೇ ಮುದುಕಿಯಾದೆ. ನಿನ್ನ ಬಸುರಿದ್ದಾಗಲೂ ಇಲ್ಲೇ ಕೂತು ಹುಣಸೆಕಾಯಿ ಚೀಪಿದ್ದು. ಏಯ್ ಪೆಟ್ಟಿಗೆಯವನೇ, ಬಾ ಇಲ್ಲಿ, ನನಗೂ ಹಿಡಿ."

ಮೀಟರಿನವನು ಅನುಮಾನಿಸುತ್ತ ಅವಳ ಮಡಿಲ ಬಳಿ ಕೊಳವೆ ಹಿಡಿದ. ಟಿಕ್‌ಟಿಕ್‌ಟಿಕ್, ಟಿಕ್, ಟಿಕ್‌ಟಿಕ್.

"ಕೇಳ್ತಾ? ಇವಳಿಗೆ ಹೇಳಿದ್ದೇ ನನಗೂ ಹೇಳ್ತಿದೆ. ಹಾಕು ಮಗನೇ, ನನ್ನನ್ನೂ ಆ ವ್ಯಾನಿಗೆ ಹಾಕು. ಆಮೇಲೆ ನನ್ನ ಹಾಲು ಕುಡಿದೆಯಲ್ಲ, ನೀನೂ ಹತ್ತು. ನೀನು ನಾದಿದ ಬ್ರೆಡ್ಡು ತಿಂದ ಇವರೆಲ್ಲ ಹತ್ತಲಿ." ಅವಳು ಸುತ್ತ ಒಮ್ಮೆ ಕಣ್ಣಾಡಿಸಿದಳು. "ವ್ಯಾನು ಸಾಲದು ಅನ್ಸುತ್ತೆ."

ಯಾರೋ ಕಿಸಕ್ಕೆಂದು ನಕ್ಕು ತಡೆದುಕೊಂಡರು. ಬೇಕರಿಯವನು ತಾಯಿಯನ್ನು ನೋಡಿದ, ಹಲಗೆಯ ಖಾಲಿ ಮೂಲೆಯನ್ನು ನೋಡಿದ. ಅಂಗಳ ದಾಟುವುದು ಅವನಿಗೆ ಊರು ದಾಟಿದಷ್ಟಾಯಿತು. ಬಂದು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೂಲೆ ಹಿಡಿದ.

"ಹಗುರವಾಗಿ," ಅಂದರು ಮಾಸ್ಟ್ರು. ಬೆಳಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು.

ಅಂಗಳದ ನಡುವೆ ಮಣ್ಣಿನ ಮೇಲೆ ಇಳಿಸಿದರು. ಕೊಳವೆ ಎದೆಯ ಮೇಲೆ ಬಂತು. ಸಾಸಿವೆ ಸಿಡಿತ ನಿಂತಿತ್ತು. ಟಿಕ್. ಬಹಳ ಹೊತ್ತು ಏನಿಲ್ಲ. ಟಿಕ್, ಟಿಕ್. ಮುಳ್ಳು ಗೆರೆಯ ಕೆಳಗೆ ಅಲುಗಾಡುತ್ತ ನಿಂತಿತು.

"ಪೂರ್ತಿ ನಿಲ್ಲೋದಿಲ್ವಾ ಅದು?" ಗೋಡೆಗೆ ಅಂಟಿದ್ದ ಹೆಂಗಸು ಕೇಳಿದಳು. ಅವಳ ದನಿಯಲ್ಲಿ ಈಗ ಭಯಕ್ಕಿಂತ ಬೇರೆ ಏನೋ ಇತ್ತು.

"ಎಲ್ಲೂ ನಿಲ್ಲಲ್ಲ ಅಕ್ಕಾ," ಶಿಷ್ಯೆ ಹೇಳಿದಳು. "ಇದು ಮಣ್ಣಿಂದು, ಗೋಡೆದು, ಆಕಾಶದಿಂದ ಸುರಿಯೋದು. ನಮ್ಮ ಮೈಯದ್ದೂ ಇದೆ, ಈ ಗದ್ದಲದಲ್ಲಿ ಇಷ್ಟು ಸಣ್ಣ ಪೆಟ್ಟಿಗೆಗೆ ಅದು ಕೇಳಿಸಲ್ಲ. ಮೇಡಂ ಕೋಣೆಗೆ ಕೇಳಿಸುತ್ತೆ."

"ಅವಳ ಮೈಯದ್ದು ನಿಂತುಹೋಯ್ತಲ್ಲ ಪಾಪ," ಎಂದಳು ಬನ್ನಜ್ಜಿ.

"ಇಲ್ಲಜ್ಜಿ," ಈ ಸಲ ಉತ್ತರಿಸಿದವರು ಮಾಸ್ಟ್ರು. "ಉಸಿರಿಗೂ ಅದಕ್ಕೂ ಸಂಬಂಧ ಇಲ್ಲ. ಮಣ್ಣಾದ ಮೇಲೂ ನಡೀತಾ ಇರುತ್ತೆ. ನಾವ್ಯಾರೂ ಇಲ್ಲದಾಗಲೂ."

ಹೇಳಿದ ಮೇಲೆ ಆ ಮಾತು ಅವರಿಗೇ ಹೊಸದಾಗಿ ಕೇಳಿಸಿತು. ಗೋಡೆಗೆ ಒತ್ತಿಕೊಂಡಿದ್ದವರು ಒಬ್ಬೊಬ್ಬರಾಗಿ ಗೋಡೆ ಬಿಟ್ಟು ಹತ್ತಿರ ಬಂದರು. ಯಾರೂ ಕರೆದಿರಲಿಲ್ಲ. ಮಗುವನ್ನು ಅವುಚಿಕೊಂಡಿದ್ದ ತಾಯಿ ಅದರ ಮುಖವನ್ನು ಈಚೆ ತಿರುಗಿಸಿದಳು. ಮೀಟರಿನವನು ಕೈಗವಸು ಕಳಚಿ ಜೇಬಿಗೆ ತುರುಕಿ, ಚೀಟಿ ಬರೆದು ಮಾಸ್ಟ್ರ ಕೈಗಿತ್ತ. ವ್ಯಾನಿನವನಿಗೆ ಹೋಗೆಂದು ಕೈ ಬೀಸಿದ.

ಹಲಗೆ ಹೆಗಲೇರಿತು. ಗೇಟು ದಾಟುವುದರೊಳಗೆ ಒಂದು ಮಗ್ಗುಲು ವಾಲಿತು.

"ಏನಮ್ಮಾ, ನೀವಿರೋ ಮೂಲೆಯಲ್ಲಿ ನಮ್ಮ ಮೇಡಂ ಜಾರುಬಂಡೆ ಆಡ್ತಾರೆ," ಮೀಟರಿನವನು ತಂಗಿಗೆ ಅಂದ.

"ದೇವರು ನನಗೆ ಬಟ್ಟೆ ಉಳಿಸಿದ, ಏನು ಮಾಡ್ಲಿ? ಭಾವನೇ ಹೇಳ್ತಿದ್ರು, ನಾದಿನಿ ಬಟ್ಟೆ ಹೊಲಿದ್ರೆ ಅರ್ಧ ಗಜ ಮಿಕ್ಕುತ್ತೆ ಅಂತ." ಅಳುತ್ತಲೇ ನಕ್ಕು ಅವಳು ಹೆಗಲು ಬಿಟ್ಟುಕೊಟ್ಟಳು. ಮೀಟರಿನವನು ಆ ಮೂಲೆಗೆ ಹೆಗಲು ಕೊಟ್ಟ. ಪೆಟ್ಟಿಗೆ ಆರಿಸುವುದು ಅವನಿಗೂ ನೆನಪಾಗಲಿಲ್ಲ, ಉಳಿದವರೂ ನೆನಪಿಸಲಿಲ್ಲ.

ಬೀದಿಯುದ್ದಕ್ಕೂ ಅದು ಟಿಕ್‌ಗುಟ್ಟುತ್ತ ಬಂತು. ಬ್ಯಾಂಕಿನ ನುಣುಪು ಗ್ರಾನೈಟ್ ಮೆಟ್ಟಿಲುಗಳ ಪಕ್ಕ ಹಾಯುವಾಗ ಗಡಿಬಿಡಿ ಮಾಡಿತು. ಇಟ್ಟಿಗೆ ಗೋಡೆಗಳ ಓಣಿಯಲ್ಲಿ ಒಂದು ಲಯಕ್ಕೆ ಬಂದ ಹಾಗೆ ಮಾಡಿ, ಕೂಡಲೇ ತಪ್ಪಿಸಿಕೊಂಡಿತು. ಹಿಂದೆ ಬರುತ್ತಿದ್ದವರ ಮಾತು ನಿಂತಿತು. ಕಿಟಕಿಗಳಲ್ಲಿ ಬಗ್ಗಿದವರು, ಅದೇನು ಸದ್ದು ಎಂದು ಕೇಳದೆ, ಸುಮ್ಮನೆ ಕಿವಿಗೊಟ್ಟರು.

ಆಮೇಲೆ ಹೊಳೆ. ಅದರ ಮೇಲೆ ಮರದ ಹಲಗೆಗಳ ಹಳೆಯ ಸೇತುವೆ. ದಂಡೆಯ ಮಣ್ಣು ಹಿಂದಾಗುತ್ತಿದ್ದಂತೆ ಸದ್ದು ತೆಳ್ಳಗಾಯಿತು. ಆಳವಾದ ನೀರು ಕೆಳಗಿನ ನೆಲದ ಮಾತನ್ನೆಲ್ಲ ನುಂಗಿಕೊಂಡಿತ್ತು. ಇನ್ನು ಬಂದರೆ ಆಕಾಶದಿಂದ, ಇಲ್ಲವೇ ಅಲ್ಲೇ ಹತ್ತಿರದ ಯಾವುದೋ ಮೈಯಿಂದ ಬರಬೇಕು. ಒಂದು ಟಿಕ್. ಮತ್ತೊಂದು. ಸೇತುವೆಯ ನಡುವೆ ಏನೂ ಇಲ್ಲ.

ಬೇಕರಿಯವನು ಮೊದಲು ನಿಂತ. ಅವನು ನಿಂತದ್ದಕ್ಕೆ ಮಾಸ್ಟ್ರು ನಿಂತರು, ಶಿಷ್ಯೆ ನಿಂತಳು, ಮೀಟರಿನವನು ನಿಂತ. ಹಿಂದಿನ ಜನವೆಲ್ಲ ನಿಂತಿತು. ಹೆಗಲು ಉರಿಯುತ್ತಿದ್ದರೂ ಹಲಗೆ ಅಲುಗಲಿಲ್ಲ. ಕೆಳಗೆ ನೀರು ಹರಿಯುತ್ತಿತ್ತು. ಬೇಕರಿಯವನು ಉಸಿರು ಹಿಡಿದು, ಕಣ್ಣು ಮುಚ್ಚಿ, ಹಲಗೆಗೆ ಕಿವಿಯೊತ್ತಿಕೊಂಡು ಮುಂದಿನದಕ್ಕಾಗಿ ಕಾಯುತ್ತಿದ್ದ.